ಗುದ್ಲೆಪ್ಪ ಮಾಸ್ತರರ ಮಾರಿ

ಗೊಟಗೋಡಿಗೆ ಹೋಗಿ ಬರುವ ತನಕ ಹಿರೇಕೆರೂರಿನ ಉಳಿವೆಪ್ಪ ಸರಿಯಾಗಿಯೇ ಇದ್ದ. ರಟ್ಟೀಹಳ್ಳಿ ರಸ್ತೆಯ ಬದಿಗೆ ಮನೆಯ ಮುಂದೆಯೇ ಒಂದು ತಗಡಿನ ಶೆಡ್ಡು ಹಾಕಿಕೊಂಡು ಸಿಮೆಂಟಿನಲ್ಲಿ ತುಳಸಿಕಟ್ಟೆ, ಗೇಟಿನ ಕಂಬದ ಮೇಲೆ ಕೂರುವ ಸಿಂಹ, ನೀರಿನ ಟಾಕಿಯನ್ನು ಬೆನ್ನ ಮೇಲೆ ಹೊತ್ತ ಹದ್ದು, ಹೊಸ ಮನೆಗೆ ಕಟ್ಟುವ ದೃಷ್ಟಿ ಗೊಂಬೆ, ಹೀಗೆ ಯಾರು ಏನು ಕೇಳಿದರೆ ಅದನ್ನು ಮಾಡಿ ಮಾರುತ್ತಿದ್ದ. ಅವನ ಸಿಂಹಗಳು ಸ್ವಲ್ಪ ಬೆಕ್ಕಿನಂತಿದ್ದವು, ಹದ್ದುಗಳು ಸ್ವಲ್ಪ ಕೋಳಿಯಂತಿದ್ದವು. ಯಾರೂ ತಕರಾರು ಮಾಡಿರಲಿಲ್ಲ. ಹಿರೇಕೆರೂರಿನಲ್ಲಿ ಸಿಂಹವನ್ನು ಕಣ್ಣಾರೆ ಕಂಡವರಾದರೂ ಯಾರಿದ್ದರು?

ಹೆಂಡತಿ ನಾಗವ್ವನ ತಂಗಿಯ ಮನೆ ಶಿಗ್ಗಾಂವಿಯಲ್ಲಿ. ಅಲ್ಲಿಗೆ ಮಗುವಿನ ಜವಳದ ಊಟಕ್ಕೆ ಹೋದಾಗ ಸಡ್ಡಕ, ಅಂದರೆ ಆ ತಂಗಿಯ ಗಂಡ, ಅವನನ್ನು ಗೊಟಗೋಡಿಯ ರಾಕ್ ಗಾರ್ಡನ್ ತೋರಿಸಲು ಕರೆದೊಯ್ದ. ಅಲ್ಲಿ ಸಿಮೆಂಟಿನ ರೈತರು, ಸಿಮೆಂಟಿನ ಎತ್ತುಗಳು, ರೊಟ್ಟಿ ಬಡಿಯುವ ಸಿಮೆಂಟಿನ ಹೆಂಗಸರು. ಉಳಿವೆಪ್ಪ ಕಟ್ಟೆಯ ಮೇಲೆ ಕೂತಿದ್ದ ಮುದುಕನೊಬ್ಬನ ಹತ್ತಿರ ಹೋಗಿ, "ಯಜ್ಜಾ, ಕುಡಿಯೂ ನೀರ ಎಲ್ಲಿ ಸಿಗತಾವು?" ಎಂದು ಕೇಳಿದ. ಮುದುಕ ಮಾತಾಡಲಿಲ್ಲ. ಮುಟ್ಟಿ ನೋಡಿದರೆ ಸಿಮೆಂಟು. ಉಳಿವೆಪ್ಪನ ಕಣ್ಣಲ್ಲಿ ನೀರು ಬಂತು. ಸ್ವಲ್ಪ ಮುಂದೆ ಅಂಥದೇ ಇನ್ನೊಬ್ಬ ಮುದುಕ ಕೂತಿದ್ದ. ಉಳಿವೆಪ್ಪ ಭಕ್ತಿಯಿಂದ ಅವನ ಬೋಳು ತಲೆಯನ್ನು ಬೆರಳ ಗೆಣ್ಣಿನಿಂದ ಕಟಕಟ ಬಾರಿಸಿ ನೋಡಿದ. ಅವನು ಬ್ಯಾಡಗಿಯಿಂದ ಮೊಮ್ಮಕ್ಕಳ ಜೊತೆ ಬಂದಿದ್ದ ನಿಜವಾದ ಮುದುಕನಾಗಿದ್ದ.

ಮುಂದೆ ನಡೆದ ಗಲಾಟೆಯನ್ನು ಸಡ್ಡಕ ಹೇಗೋ ಬಗೆಹರಿಸಿದ. ಆದರೆ ಉಳಿವೆಪ್ಪನ ತಲೆಯೊಳಗೆ ಎದ್ದ ಗಲಾಟೆಯನ್ನು ಬಗೆಹರಿಸುವವರು ಯಾರೂ ಇರಲಿಲ್ಲ. ಊರಿಗೆ ಬಂದವನೇ ಅವನು ಬಣ್ಣದ ಅಂಗಡಿಯ ಕರೀಮಸಾಬನನ್ನು ಕರೆಸಿದ. ಕರೀಮಸಾಬ ಅವನ ಶಾಲೆಯ ಗೆಳೆಯ. ಬಣ್ಣ ಮಾರುತ್ತಿದ್ದ, ಬೋರ್ಡೂ ಬರೆಯುತ್ತಿದ್ದ, ಉಳಿವೆಪ್ಪನ ಗೊಂಬೆಗಳಿಗೆ ಬಣ್ಣವನ್ನೂ ಬಳಿಯುತ್ತಿದ್ದ. ಶೆಡ್ಡಿನ ಮುಂದಿದ್ದ 'ಉಳಿವೆಪ್ಪ ಸಿಮೆಂಟ್ ವರ್ಕ್ಸ್' ಅಳಿಸಿ, 'ಶಿಲ್ಪಿ ಉಳಿವೆಪ್ಪ, ಕಲಾ ಮಂದಿರ. ಇಲ್ಲಿ ಆರ್ಡರ್ ಪ್ರಕಾರ ಮಾಡುವುದಿಲ್ಲ' ಎಂದು ಬರೆಯಲು ಹೇಳಿದ.

ಕರೀಮಸಾಬ ಕುಂಚ ಹಿಡಿದು ಯೋಚನೆ ಮಾಡಿದ. "ಕಡೀ ಸಾಲ ಬೇಕನ ಉಳಿವೆಪ್ಪಾ?"

"ಅದ ಬೇಕು. ದಪ್ಪ ಅಕ್ಷರದಾಗ ಬರಿ."

"ಆರ್ಡರ್ ಪ್ರಕಾರ ಮಾಡಂಗಿಲ್ಲ ಅಂತ ಬರ್ಯಾಕ ನನಗ ಆರ್ಡರ್ ಕೊಡಾಕತ್ತೀಯಲ್ಲೋ."

"ನೀ ಪೇಂಟರ್. ನಾ ಕಲಾವಿದ. ನೋಡು, ನಮ್ಮಪ್ಪ ನನಗ ಹೆಸರ ಇಡೂ ಮುಂದನ ಅದರಾಗ ಉಳಿ ಇಟ್ಟಾನ."

ಉಳಿವೆಪ್ಪ ಹುಟ್ಟಿದಾರಭ್ಯ ಕೈಯಲ್ಲಿ ಉಳಿ ಹಿಡಿದವನಲ್ಲ. ಅವನದೆಲ್ಲ ಕರಣೆ ಮತ್ತು ಸಿಮೆಂಟು. ಆ ಹೆಸರು ಕೂಡ ಉಳವಿಯ ದೇವರಿಗೆ ಹೊತ್ತ ಹರಕೆಯದು. ಆದರೆ ಕಲಾವಿದನಾದ ಮೇಲೆ ಇಂಥ ಸಣ್ಣ ಸಂಗತಿಗಳು ಕಣ್ಣಿಗೆ ಬೀಳುವುದಿಲ್ಲ. ಬೋರ್ಡು ಏರಿತು. ಅದನ್ನು ಓದಿದ ಗಿರಾಕಿಗಳು ಹಾಗೆಯೇ ಮುಂದೆ ಹೋದರು. ನಾಗವ್ವ ಒಲೆಯ ಮುಂದೆ ಕೂತು, "ಕಲಾ ಬಂತು, ಗಿರಾಕಿ ಹೋದ್ರು" ಎಂದು ರೊಟ್ಟಿಯನ್ನು ಸ್ವಲ್ಪ ಜೋರಾಗಿಯೇ ಬಡಿದಳು.

ಬೋರ್ಡನ್ನು ಓದದೆ ಒಳಗೆ ಬಂದವರು ಪರಮೇಶಪ್ಪ ಸಾವ್ಕಾರರು ಒಬ್ಬರೇ. ಅವರದು ಗೋವಿನಜೋಳದ ವ್ಯಾಪಾರ. ಊರ ನಡುವೆ ಮಹಡಿ ಮನೆ ಕಟ್ಟಿಸಿದ್ದರು. ಅದಕ್ಕೆ ದೃಷ್ಟಿ ಗೊಂಬೆ ಬೇಕಾಗಿತ್ತು.

"ಅಂತಿಂಥಾ ಗೊಂಬಿ ನಡಿಯಂಗಿಲ್ಲ ಉಳಿವೆಪ್ಪಾ. ನಮ್ಮ ಮನಿ ಎದುರಿಗೆ ಯಾರ ಅದಾರ ಗೊತ್ತೈತಿಲ್ಲೋ? ಗುದ್ಲೆಪ್ಪ ಮಾಸ್ತರು."

ಉಳಿವೆಪ್ಪನಿಗೆ ಗೊತ್ತಿಲ್ಲದೆ ಏನು. ಗುದ್ಲೆಪ್ಪ ಮಾಸ್ತರರು ಹೈಸ್ಕೂಲಿನ ನಿವೃತ್ತ ಪಿ.ಟಿ. ಮಾಸ್ತರರು. ಹಿರೇಕೆರೂರಿನಲ್ಲಿ ಮೀಸೆ ಬಂದ ಗಂಡಸರಲ್ಲಿ ಅರ್ಧಕ್ಕರ್ಧ ಮಂದಿ ಅವರ ಕೈಯಲ್ಲಿ ಹೊಡೆತ ತಿಂದವರು. ಈಗ ಅವರು ಬೆಳಗ್ಗೆ ಎದ್ದು ತಮ್ಮ ಕಟ್ಟೆಯ ಮೇಲೆ ಕೂತು ಎದುರು ಮನೆಯನ್ನು ನೋಡುವುದೇ ಕೆಲಸ ಮಾಡಿಕೊಂಡಿದ್ದರು.

"ದಿನಾ ನೋಡಿ 'ಚಲೋ ಆಗೇತಿ ಪರಮೇಶಪ್ಪ' ಅಂತಾರ," ಎಂದು ಸಾವ್ಕಾರರು ದನಿ ತಗ್ಗಿಸಿದರು. "ಬಾತ್‌ರೂಮ್ ಚಲೋ ಆಗೇತಿ ಅಂದ್ರು, ನಳ ಸೋರಾಕ ಹತ್ತಿತು. ನೆಲದ ಫರಸಿ ಚಲೋ ಆಗೇತಿ ಅಂದ್ರು, ಫರಸಿ ಬಿರಕ ಬಿಟ್ಟವು. ಮೊನ್ನೆ ಲೈಟಿನಾಂವನ್ನ ನೋಡಿ 'ಹುಡಗ ಚಲೋ ಕೆಲಸ ಮಾಡ್ತಾನ' ಅಂದ್ರು, ಅಂವ ನಿಚ್ಚಣಿಕಿ ಮ್ಯಾಲಿಂದ ಸೀದಾ ಸುಣ್ಣದ ಕುಣ್ಯಾಗ ಬಿದ್ದ. ಗೊಂಬಿ ಅಂಥಾ ದೃಷ್ಟಿಗೆ ತಡಕೊಬೇಕು. ಕೋಡು ಬೇಕು, ನಾಲಿಗಿ ಹೊರಗ ಬೇಕು."

"ಕೋಡು, ನಾಲಿಗಿ ಹಳೇವಾದ್ವು ಸಾವ್ಕಾರ್ರ. ನಾ ಈಗ ಭಯದ ಮೂಲಕ್ಕ ಇಳದ ಮಾಡ್ತೇನಿ."

"ಎಲ್ಲ್ಯಾರ ಇಳಿ. ಗುರುವಾರ ವಾಸ್ತುಶಾಂತಿ ಐತಿ, ಅಷ್ಟರಾಗ ಮ್ಯಾಲ ಏರಿ ಬಾ."

ಬಹಳ ಹೊತ್ತು ಚರ್ಚೆ ನಡೆದು ಕೊನೆಗೊಂದು ಒಪ್ಪಂದವಾಯಿತು. ಕೋಡು ಮತ್ತು ನಾಲಿಗೆ ಸಾವ್ಕಾರರವು, ಅವೆರಡರ ನಡುವಿನ ಮಾರಿ, ಅಂದರೆ ಮುಖ, ಕಲಾವಿದನದು. ಕಲೆಗೂ ವ್ಯಾಪಾರಕ್ಕೂ ಇಷ್ಟು ಸ್ಪಷ್ಟವಾಗಿ ಗಡಿ ಹಾಕಿದ್ದು ನಮ್ಮ ಜಿಲ್ಲೆಯಲ್ಲಿ ಅದೇ ಮೊದಲಿರಬೇಕು.

ಉಳಿವೆಪ್ಪ ಶೆಡ್ಡಿನಲ್ಲಿ ಕೂತು ಕಣ್ಣು ಮುಚ್ಚಿದ. ತನಗೆ ಯಾವುದಕ್ಕೆ ಹೆಚ್ಚು ಅಂಜಿಕೆ ಎಂದು ಒಳಗೆ ಹುಡುಕಿದ. ಹಾವು ಬಂತು, ಅದಕ್ಕೆ ಕೈ ಏಳಲಿಲ್ಲ. ಬ್ಯಾಂಕಿನ ಮ್ಯಾನೇಜರ್ ಬಂದ, ಕೈ ಸ್ವಲ್ಪ ಎದ್ದು ಮತ್ತೆ ಇಳಿಯಿತು. ಆಮೇಲೆ ಇನ್ನೇನೋ ಬಂತು. ಕೈ ತಾನಾಗಿಯೇ ಸಿಮೆಂಟನ್ನು ಹಿಡಿಯಿತು. ಕಣ್ಣು ಬಿಟ್ಟಾಗ ಎದುರಿಗೆ ಒಂದು ಮಾರಿ ಇತ್ತು. ನಡುವೆ ಕೂಡಿಕೊಂಡ ಪೊದೆ ಹುಬ್ಬು, ಕೆಂಡ ಉಗುಳುವ ಕಣ್ಣು, ಈಗಲೋ ಆಗಲೋ ಗುಡುಗುವಂತೆ ಅದುರುವ ಮೀಸೆ. ಅದು ಯಾರದೆಂದು ಅವನಿಗೆ ಹೊಳೆಯಲಿಲ್ಲ. ಕೋಡು ನಾಲಿಗೆ ಅಂಟಿಸಿದ ಮೇಲಂತೂ ಹೊಳೆಯುವ ದಾರಿಯೇ ಇರಲಿಲ್ಲ.

ಬಣ್ಣ ಬಳಿಯಲು ಬಂದ ಕರೀಮಸಾಬ ಗೊಂಬೆಯನ್ನು ನೋಡಿದೊಡನೆ ಬಾಯಿಯ ಬೀಡಿಯನ್ನು ತೆಗೆದು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

"ಯಾಕೋ ಸಾಬಾ?"

"ಗೊತ್ತಿಲ್ಲಪಾ. ಕೈ ತಾನಾಗೇ ಹಿಂದ ಹೋತು."

ಉಳಿವೆಪ್ಪನ ಎದೆ ತುಂಬಿ ಬಂತು. ಕಲೆ ಅಂದರೆ ಇದು.

ಗುರುವಾರ ಪರಮೇಶಪ್ಪನವರ ಮನೆಯ ಬಾಗಿಲ ಮೇಲೆ ಗೊಂಬೆ ಏರಿತು. ಅದರ ಕೆಲಸ ಕೂಡಲೇ ಶುರುವಾಯಿತು. ಹಾಲಿನವನು ಸೈಕಲ್ಲಿನಿಂದ ಇಳಿದು ಬೆನ್ನು ನೆಟ್ಟಗೆ ಮಾಡಿ ತಳ್ಳಿಕೊಂಡು ಹೋದ. ಗುಟ್ಕಾ ಉಗುಳಲು ಗೋಡೆಯ ಹತ್ತಿರ ಬಂದವನು ಮೇಲೆ ನೋಡಿ ಗುಟ್ಕಾವನ್ನು ನುಂಗಿದ. ಪಟ್ಟಣ ಪಂಚಾಯ್ತಿಯ ಸದಸ್ಯರೊಬ್ಬರು ಅಡ್ಡಾದಿಡ್ಡಿ ನಿಲ್ಲಿಸಿದ ಬೈಕನ್ನು ಮರಳಿ ಬಂದು ಸಾಲಿನಲ್ಲಿ ನಿಲ್ಲಿಸಿದರು. ಮನೆ ನೋಡಲು ಬಂದವರಲ್ಲಿ ಮನೆಯನ್ನು ನೋಡಿದವರು ಒಬ್ಬರೂ ಇಲ್ಲ. ಎಲ್ಲರೂ ತಲೆ ತಗ್ಗಿಸಿ ಒಳಗೆ ಬಂದು, ಉಂಡು, ತಲೆ ತಗ್ಗಿಸಿ ಹೊರಗೆ ಹೋದರು. ಸಾವ್ಕಾರರು ಉಳಿವೆಪ್ಪನನ್ನು ಕರೆದು ಕೈಯಾರೆ ಹೋಳಿಗೆ ಬಡಿಸಿದರು.

ಅಷ್ಟರಲ್ಲಿ ಗುದ್ಲೆಪ್ಪ ಮಾಸ್ತರರ ಹೆಂಡತಿ ಅನ್ನವ್ವನವರು ಅರಿಶಿಣ ಕುಂಕುಮಕ್ಕೆ ಬಂದರು. ಅವರಿಗೆ ಕಣ್ಣು ಸ್ವಲ್ಪ ಮಂಜು. ಬಾಗಿಲಲ್ಲಿ ನಿಂತು ಮೇಲೆ ನೋಡಿ, "ಅಯ್ಯ, ಇವರ ಆಗಲೇ ಬಂದ ಬಿಟ್ಟಾರಲ್ಲ. ಬಾಗಲದಾಗ ಯಾಕ ನಿಂದ್ರಿಸೀರಿ, ಒಳಗ ಊಟಕ್ಕ ಕರೀರಿ," ಎಂದರು.

ಹಿಂದಿನಿಂದ ಮಾಸ್ತರರ ದನಿ ಬಂತು. "ನಾ ಇಲ್ಲೇ ಅದೇನಲ್ಲ."

ಅನ್ನವ್ವ ಹಿಂದೆ ನೋಡಿದರು, ಮೇಲೆ ನೋಡಿದರು, ಮತ್ತೆ ಹಿಂದೆ ನೋಡಿದರು. ಪಂಕ್ತಿಯಲ್ಲಿ ಕೂತಿದ್ದವರೂ ಹಾಗೆಯೇ ನೋಡಿದರು. ಕೈಯಲ್ಲಿದ್ದ ಹೋಳಿಗೆ ಕೈಯಲ್ಲೇ ಉಳಿಯಿತು. ಇಡೀ ಊರಿಗೆ ಒಂದೇ ಏಟಿಗೆ ಅರ್ಥವಾದ ಸಂಗತಿ ಅಂದರೆ ಅದೊಂದೇ. ಗುದ್ಲೆಪ್ಪ ಮಾಸ್ತರರು ಕನ್ನಡಿಯ ಮುಂದೆ ನಿಂತಂತೆ ಗೊಂಬೆಯ ಮುಂದೆ ನಿಂತಿದ್ದರು. ಕನ್ನಡಿಯೊಳಗಿನವರಿಗೆ ಕೋಡಿದ್ದವು, ಅಷ್ಟೇ ಫರಕು.

"ಯಾರ ಮಾಡಿದ್ದಿದು?"

ಉಳಿವೆಪ್ಪ ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ಎದ್ದು ನಿಂತು ಕೈ ಎತ್ತಿದ. ನಲವತ್ತು ದಾಟಿದವನು, ತಾನು ಯಾಕೆ ಹಾಗೆ ಮಾಡಿದೆನೆಂದು ಅವನಿಗೇ ತಿಳಿಯಲಿಲ್ಲ. ಮಾಸ್ತರರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಊಟ ಮಾಡದೆ ಹೊರಟುಹೋದರು.

ಮರುದಿನ ಬೆಳಗ್ಗೆ ಶೆಡ್ಡಿನ ಮುಂದೆ ಮಂದಿ ಕಂಡು ಉಳಿವೆಪ್ಪ ಹೊಡೆಯಲು ಬಂದಿದ್ದಾರೆಂದು ಸಿಮೆಂಟಿನ ಚೀಲದ ಹಿಂದೆ ಅಡಗಿದ. ಬಂದವರು ಗಿರಾಕಿಗಳು. ಎಲ್ಲರದೂ ಒಂದೇ ಬೇಡಿಕೆ: ಮಾಸ್ತರರ ಮಾರಿಯೇ ಬೇಕು. ಕೋಡು ನಾಲಿಗೆ ಹ್ಯಾಗಾದರೂ ಇರಲಿ. ಕರೀಮಸಾಬ ಸವಣೂರು, ಬಂಕಾಪುರದಲ್ಲಿರುವ ತನ್ನ ಬಳಗಕ್ಕೆಲ್ಲ ಫೋನಿನಲ್ಲಿ ಫೋಟೋ ಕಳಿಸಿ ಅಲ್ಲಿಂದಲೂ ಆರ್ಡರ್ ಹಿಡಿದುಕೊಂಡು ಬಂದ.

"ಸವಣೂರಾಗ ನಮ್ಮ ನಸೀರಾ ಆಪಾ ಎಲಿ ತ್ವಾಟಕ್ಕ ಒಂದ ಬೇಕು ಅಂತಾಳ. ಕಳ್ಳರ ಕಾಟ."

"ಆಕಿ ಮಾಸ್ತರನ್ನ ನೋಡೇ ಇಲ್ಲಲ್ಲೋ?"

"ಫೋಟೋ ನೋಡಿದ್ಲು. ಕೂಡ್ಲೇ ಎದ್ದ ನಿಂತ್ಲಂತ."

ಉಳಿವೆಪ್ಪ ಚೀಲದ ಹಿಂದಿನಿಂದ ಎದ್ದು ಬಂದು ಬೋರ್ಡನ್ನು ತೋರಿಸಿದ. "ಆಗಂಗಿಲ್ಲ. ಕಲಾವಿದ ಒಮ್ಮಿ ಮಾಡಿದ್ದನ್ನ ಮತ್ತೊಮ್ಮಿ ಮಾಡಂಗಿಲ್ಲ. ಸಂಜೀ ಸೂರ್ಯಾ ಒಂದ ದಿನ ಇದ್ದಂಗ ಇನ್ನೊಂದ ದಿನ ಇರತಾನೇನು?"

ಗಿರಾಕಿಗಳಿಗೆ ಸೂರ್ಯ ಬೇಕಾಗಿರಲಿಲ್ಲ. ಅವರು ನಾಗವ್ವನ ಕಡೆ ತಿರುಗಿದರು. ನಾಗವ್ವ ಕೈಯ ಹಿಟ್ಟನ್ನು ಝಾಡಿಸಿಕೊಂಡು ಎದ್ದಳು.

"ನಾ ದಿನಾ ರೊಟ್ಟಿ ಬಡೀತೇನಿ. ಒಮ್ಮಿ ಬಡದೇನಿ, ಇನ್ನ ಬಡಿಯಂಗಿಲ್ಲ ಅಂದ್ರ ಏನ ತಿಂತೀರಿ ನೀವು?"

"ಅದು ರೊಟ್ಟಿ. ಇದು ಕಲಾ."

"ರೊಟ್ಟಿ ಬಡಿಯೂದು ಕಲಾ ಅಲ್ಲನ? ಹಂಗಾರ ಇವತ್ತ ನೀವ ಬಡೀರಿ."

ಸಂಜೆಗೆ ನಾಗವ್ವನೇ ಪರಮೇಶಪ್ಪನವರ ಮನೆಗೆ ಹೋಗಿ ಗೊಂಬೆಯ ಮಾರಿಯ ಮೇಲೆ ಗಾರೆ ಮೆತ್ತಿ ಒಂದು ಅಚ್ಚು ತೆಗೆದುಕೊಂಡು ಬಂದಳು. ಉಳಿವೆಪ್ಪ ಕಲೆಯ ಸ್ವಾತಂತ್ರ್ಯಕ್ಕಾಗಿ ಒಂದು ಹೊತ್ತು ಉಪವಾಸ ಕೂತ. ರಾತ್ರಿ ಬದನೆಕಾಯಿ ಎಣಗಾಯಿ ಮಾಡಿದ್ದರಿಂದ ಸ್ವಾತಂತ್ರ್ಯ ಅಲ್ಲಿಗೆ ಮುಗಿಯಿತು.

ಅಚ್ಚಿನಿಂದ ಮಾಸ್ತರರು ಇಳಿದು ಇಳಿದು ಬಂದರು. ಹಾನಗಲ್ಲಿಗೆ ಹೋದರು, ಶಿಗ್ಗಾಂವಿಗೆ ಹೋದರು, ಸವಣೂರಿನ ವೀಳ್ಯದೆಲೆ ತೋಟದಲ್ಲಿ ನಿಂತರು. ಹಂದಿಯ ಕಾಟಕ್ಕೆಂದು ಗೋವಿನಜೋಳದ ಹೊಲದಲ್ಲಿ ನೆಟ್ಟವರು, ಹಂದಿಗಳು ಮಾಸ್ತರರನ್ನು ಕಂಡು ಸಾಲಾಗಿ ನಿಂತು, ಒಟ್ಟಿಗೆ ಹಿಂದಕ್ಕೆ ತಿರುಗಿ ಹೋದುವೆಂದು ಆಣೆ ಮಾಡಿ ಹೇಳಿದರು. ನಾವು ನಂಬಲಿಲ್ಲ. ಆದರೆ ಆ ಹೊಲದ ಫಸಲು ಚೆನ್ನಾಗಿಯೇ ಬಂತು.

ಹೀಗಿರುವಾಗ ಮಾಸ್ತರರು ಯಾರದೋ ಮದುವೆಗೆಂದು ಬಸ್ಸು ಹತ್ತಿ ಸವಣೂರಿಗೆ ಹೋದರು. ಕಿಟಕಿಯ ಪಕ್ಕದ ಸೀಟು ಸಿಕ್ಕಿದ್ದೇ ಕೆಟ್ಟದ್ದಾಯಿತು. ದಾರಿಯುದ್ದಕ್ಕೂ ಬಾಗಿಲ ಬಾಗಿಲಲ್ಲಿ ತಾವೇ ನಾಲಿಗೆ ಚಾಚಿಕೊಂಡು ನೇತಾಡುತ್ತಿದ್ದರು. ಮದುವೆಯ ಮಂಟಪದ ಕಂಬದ ಮೇಲೂ ಇದ್ದರು. ಅಕ್ಷತೆ ಹಾಕಲು ಹೋದಾಗ ಮದುಮಗ ಹೆದರಿ ಮಣೆಯಿಂದ ಎದ್ದು ನಿಂತ. ಮಾಸ್ತರರು ಅಲ್ಲಿಂದ ಸೀದಾ ಹಿರೇಕೆರೂರಿಗೆ ಬಂದು ಪೊಲೀಸ್ ಸ್ಟೇಷನ್ ಹತ್ತಿದರು.

ಪಿ.ಎಸ್.ಐ. ಸಾಹೇಬರು ಹೊಸಬರು, ಹಾನಗಲ್ ಕಡೆಯವರು. ಗುದ್ಲೆಪ್ಪ ಮಾಸ್ತರರನ್ನು ಹಿಂದೆ ಕಂಡವರಲ್ಲ. ಅವರು ಮರುದಿನ ಉಳಿವೆಪ್ಪ, ನಾಗವ್ವ, ಪರಮೇಶಪ್ಪ, ಅನ್ನವ್ವ ಎಲ್ಲರನ್ನೂ ಕರೆಸಿ, ಮೇಜಿನ ಮೇಲೆ ಒಂದು ಗೊಂಬೆಯನ್ನು ಇಡಿಸಿಕೊಂಡು ವಿಚಾರಣೆಗೆ ಕೂತರು. ಅಂದು ಮಾಸ್ತರರು ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ, ಮದುವೆಯ ಮನೆಯ ಹಿರಿಯರಂತೆ ಸೌಮ್ಯವಾಗಿ ಬಂದಿದ್ದರು.

"ಮಾಸ್ತರ, ಈ ಗೊಂಬಿ ನಿಮ್ಮಂಗ ಎಲ್ಲೈತ್ರಿ?" ಎಂದರು ಸಾಹೇಬರು.

"ನನ್ನಂಗ ಐತ್ರಿ. ಇದು ನನ್ನ ಮಾರೀನ."

ಉಳಿವೆಪ್ಪ ಕೈ ಮುಗಿದ. "ಸುಳ್ಳರಿ ಸಾಹೇಬ್ರ. ನಮ್ಮ ಮಾಸ್ತರದು ದೇವರಂಥಾ ಮಾರಿ. ಇದು ರಾಕ್ಷಸ."

"ಏ, ನೀ ಸುಮ್ನಿರು. ನಂದ ರಾಕ್ಷಸನ ಮಾರೀನ ಐತಿ," ಎಂದರು ಮಾಸ್ತರರು.

"ಇಲ್ರಿ ಮಾಸ್ತರ, ನೀವು ಭಾಳ ಚಂದ ಅದೀರಿ."

"ಚಂದ ಇಲ್ಲ ಅಂತ ಹೇಳಾಕತ್ತೇನಿ."

ಸಾಹೇಬರಿಗೆ ತಲೆ ತಿರುಗಿತು. ಆರೋಪಿ ಫಿರ್ಯಾದಿಯನ್ನು ಹೊಗಳುತ್ತಾನೆ, ಫಿರ್ಯಾದಿ ತನ್ನನ್ನು ತಾನೇ ಬೈದುಕೊಳ್ಳುತ್ತಾನೆ. ಸಾಕ್ಷಿಗೆಂದು ಅನ್ನವ್ವನವರನ್ನು ಕೇಳಿದರು.

"ಐತ್ರಿ ಯಪ್ಪಾ," ಎಂದರು ಅನ್ನವ್ವ ಸಂಕೋಚದಿಂದ. "ದಿನಾ ಹಿಂಗ ಇರಂಗಿಲ್ರಿ. ಚಾದಾಗ ಸಕ್ರಿ ಕಡಿಮಿ ಬಿದ್ದಾಗ ಹಿಂಗ ಇರತಾರ. ಆದ್ರ ನಾಲಿಗಿ ಚಾಚೂದಿಲ್ರಿ, ಸುಳ್ಳ ಯಾಕ ಹೇಳ್ಲಿ."

"ಹಂಗಾರ ಮಾಸ್ತರ, ಒಮ್ಮಿ ಸಿಟ್ಟಾಗಿ ತೋರಿಸ್ರಿ. ಹೋಲಿಸಿ ನೋಡೂಣು."

ಮಾಸ್ತರರು ಪ್ರಯತ್ನ ಮಾಡಿದರು. ಹುಬ್ಬು ಎತ್ತಿದರು, ಇಳಿಸಿದರು. ಮಲಬದ್ಧತೆ ಆದವರಂತೆ ಕಂಡರೇ ಹೊರತು ಸಿಟ್ಟು ಬರಲಿಲ್ಲ. "ಆರ್ಡರ್ ಮಾಡಿದ್ರ ಸಿಟ್ಟ ಬರಂಗಿಲ್ರಿ ಸಾಹೇಬ್ರ," ಎಂದು ಸೋತು ಹೇಳಿದರು.

"ಖರೇ ಐತ್ರಿ," ಎಂದ ಉಳಿವೆಪ್ಪ, ಕಲಾವಿದನೊಬ್ಬನ ಕಷ್ಟ ಇನ್ನೊಬ್ಬ ಕಲಾವಿದನಿಗೆ ತಿಳಿದವನಂತೆ. "ಆರ್ಡರ್ ಪ್ರಕಾರ ಯಾವುದೂ ಆಗಂಗಿಲ್ರಿ."

ಅದೇ ಹೊತ್ತಿಗೆ ಹಿಂದೆ ನಿಂತಿದ್ದ ಪೇದೆಯೊಬ್ಬನ ಜೇಬಿನಲ್ಲಿ ಫೋನು ದೊಡ್ಡ ದನಿಯಲ್ಲಿ ಡೊಳ್ಳು ಬಾರಿಸಿತು. ಮಾಸ್ತರರು ಗರ್ರನೆ ತಿರುಗಿದರು.

"ಯಾವಂವಾ ಅಂವಾ?"

ಹುಬ್ಬು ಕೂಡಿದವು. ಕಣ್ಣು ಹೊತ್ತಿಕೊಂಡವು. ಮೀಸೆ ಅದುರಿತು. ಪೇದೆಗಳು ಅಟೆನ್ಷನ್‌ನಲ್ಲಿ ನಿಂತರು. ಪರಮೇಶಪ್ಪ ಸಾವ್ಕಾರರು ಕುರ್ಚಿಯಿಂದೆದ್ದು ಅಂಗಿಯ ಗುಂಡಿ ಹಾಕಿಕೊಂಡರು. ಉಳಿವೆಪ್ಪ ತನ್ನ ಕಿವಿಯನ್ನು ತಾನೇ ಹಿಡಿದುಕೊಂಡ. ಕಸ್ಟಡಿಯೊಳಗಿದ್ದ ಕುಡುಕನೊಬ್ಬ ಎದ್ದು "ಎಸ್ ಸರ್" ಅಂದ. ಯಾರೂ ನಿರೀಕ್ಷಿಸದ ಸಂಗತಿಯೆಂದರೆ, ಸಾಹೇಬರೂ ಎದ್ದು ಟೋಪಿ ಹಾಕಿಕೊಂಡು ಹಿಮ್ಮಡಿ ಕೂಡಿಸಿ ನಿಂತಿದ್ದರು.

ಮಾಸ್ತರರು ಸುತ್ತ ನೋಡಿದರು. ನಿವೃತ್ತರಾದ ಮೇಲೆ ಬಸ್ಸಿನಲ್ಲಿ ಅವರಿಗಾಗಿ ಸೀಟು ಬಿಟ್ಟು ಎದ್ದವರೂ ಇರಲಿಲ್ಲ. ಈಗ ಇಡೀ ಸ್ಟೇಷನ್ನು ಎದ್ದು ನಿಂತಿತ್ತು. ಅವರು ಮೇಜಿನ ಮೇಲಿನ ಗೊಂಬೆಯನ್ನು ಮತ್ತೊಮ್ಮೆ, ಈ ಸಲ ಬೇರೆ ರೀತಿಯಿಂದ ನೋಡಿದರು.

"ಹುಬ್ಬ ಚಲೋ ಮಾಡೀಯೋ ಉಳಿವ್ಯಾ," ಎಂದರು. "ಮೂಗ ಹಾಳ ಮಾಡೀಯ."

ಅಲ್ಲಿಗೆ ರಾಜಿಯಾಯಿತು. ಮಾಸ್ತರರ ಷರತ್ತುಗಳು ಹೀಗಿದ್ದವು: ಅಚ್ಚನ್ನು ಒಡೆಯಬೇಕು, ಮಾಸ್ತರರೇನು ಬೆಲ್ಲದ ಅಚ್ಚಲ್ಲ. ಕೋಡು ತೆಗೆಯಬೇಕು, ನಾಲಿಗೆ ಒಳಗೆ ಹಾಕಬೇಕು. ಇನ್ನು ಮುಂದೆ ಪ್ರತಿಯೊಂದು ಮಾರಿಯನ್ನೂ ತಮ್ಮನ್ನು ಎದುರಿಗೆ ಕೂರಿಸಿಕೊಂಡು ಕೈಯಿಂದಲೇ ಮಾಡಬೇಕು. ಪರಮೇಶಪ್ಪನವರ ಮನೆಯ ಗೊಂಬೆಯನ್ನೂ ಬದಲಿಸಬೇಕು. ನಾಗವ್ವ ಅಚ್ಚನ್ನು ಒಡೆಯುವಾಗ ಅತ್ತಳು. ಉಳಿವೆಪ್ಪ ಮಾತ್ರ ಹಿಗ್ಗಿ ಹೀರೆಕಾಯಿಯಾದ. ಅಚ್ಚಿಲ್ಲ, ಕೋಡಿಲ್ಲ, ನಾಲಿಗೆಯಿಲ್ಲ, ಎದುರಿಗೆ ಜೀವಂತ ಮನುಷ್ಯ. ಕಲಾವಿದನಿಗೆ ಇನ್ನೇನು ಬೇಕು?

ಬೇಕಾದ್ದು ಒಂದೇ ಇತ್ತು, ಸಿಟ್ಟು. ಅದೇ ಇಲ್ಲವಾಯಿತು.

ಮಾಸ್ತರರು ದಿನಾ ಬೆಳಗ್ಗೆ ಶೆಡ್ಡಿಗೆ ಬಂದು ಕುರ್ಚಿಯ ಮೇಲೆ ಕೂರತೊಡಗಿದರು. ದಾರಿಯಲ್ಲಿ ಹೋಗುವವರು "ನಮಸ್ಕಾರ್ರಿ ಮಾಸ್ತರ" ಅನ್ನುವರು, ಮಾಸ್ತರರು ಮುಗುಳ್ನಗುವರು. ಹಾನಗಲ್ಲಿನಿಂದ ಗಿರಾಕಿ ಬಂದು "ಇವರೇನ್ರಿ ಅವರು?" ಅನ್ನುವನು, ಮಾಸ್ತರರು ಮೀಸೆಯಡಿಯಲ್ಲಿ ನಗುವರು. ಊರಲ್ಲಿ ಮತ್ತೆ ಬೆಲೆ ಬಂದಿತ್ತು. ಅವರ ಮಾರಿ ಹಂಚಿನ ಮೇಲಿನ ಹೋಳಿಗೆಯಂತೆ ಉಬ್ಬಿತು. ಸತ್ಯಕ್ಕೆ ಬದ್ಧನಾದ ಉಳಿವೆಪ್ಪ ಎದುರಿಗೆ ಏನಿತ್ತೋ ಅದನ್ನೇ ಮಾಡಿದ. ಗೊಂಬೆಗಳೆಲ್ಲ ನಗತೊಡಗಿದವು.

ವಾರ ಕಳೆಯುವಷ್ಟರಲ್ಲಿ ಗೊಂಬೆಗಳು ಹೊರೆಹೊರೆಯಾಗಿ ತಿರುಗಿ ಬಂದವು. ಎಲ್ಲರಿಗಿಂತ ಮುಂಚೆ ಬಂದವರು ಪರಮೇಶಪ್ಪನವರು, ಗೊಂಬೆಯನ್ನು ಕಂಕುಳಲ್ಲಿ ಇಟ್ಟುಕೊಂಡು.

"ಏನ ಮಾಡೀಯೋ ಇದನ್ನ? 'ಬರ್ರಿ, ಕುಂದರ್ರಿ, ಚಾ ಕುಡೀರಿ' ಅನ್ನಾಕತ್ತೈತಿ. ರಸ್ತೆದಾಗ ಹೋಗೂ ಮಂದಿಯೆಲ್ಲಾ ನಿಂತ, ಮನಿ ನೋಡಿ, ಒಳಗ ಬಂದ, ಅಡಗಿ ಮನಿ ತನಾ ನೋಡಿ ಹೋಗಾಕತ್ತಾರ. ನಳ ಮತ್ತ ಸೋರಾಕತ್ತೈತಿ."

"ನಾ ಏನ ಮಾಡ್ಲಿ ಸಾವ್ಕಾರ್ರ. ಇದ್ದದ್ದನ್ನ ಮಾಡೇನಿ."

"ಇದ್ದದ್ದ ನನಗ ಬ್ಯಾಡ. ಅಂಜಿಸೂದ ಬೇಕು. ಇಲ್ಲಂದ್ರ ಹಾವೇರಿಯಿಂದ ಪ್ಲಾಸ್ಟಿಕ್ಕಿಂದು ತರ್ತೇನಿ. ಊರ ಮಂದೀನೂ ತರ್ತಾರ."

ಪ್ಲಾಸ್ಟಿಕ್ ಎಂಬ ಮಾತು ಕೇಳಿ ಉಳಿವೆಪ್ಪ ಕುಸಿದು ಕೂತ. ಶೆಡ್ಡು ಮುಚ್ಚುವ ಕಾಲ ಬಂತೆಂದು ನಾಗವ್ವ ತಲೆಯ ಮೇಲೆ ಕೈ ಹೊತ್ತಳು. ಕೊನೆಗೆ ಎಲ್ಲರೂ ಸೇರಿ, ಹೇಗಾದರೂ ಮಾಡಿ ಮಾಸ್ತರರಿಗೆ ಸಿಟ್ಟು ಬರಿಸಬೇಕೆಂದು ನಿರ್ಧಾರ ಮಾಡಿದರು.

ಅನ್ನವ್ವನವರು ಊರಿನ ಹಿತಕ್ಕಾಗಿ ಚಹಾದಲ್ಲಿ ಸಕ್ಕರೆಯ ಬದಲು ಉಪ್ಪು ಹಾಕಿದರು. ಮಾಸ್ತರರು ಕುಡಿದು, "ವಯಸ್ಸಾತಲ್ಲ ನಿನಗೂ, ಇನ್ನ ಮುಂದ ಚಾ ನಾನ ಮಾಡ್ತೇನಿ" ಎಂದರು. ಲಗ್ನವಾದಾಗಿನಿಂದ ಕೇಳದ ಮಾತು ಕೇಳಿ ಅನ್ನವ್ವ ಕಣ್ಣೊರೆಸಿಕೊಂಡು ಪಿತೂರಿಯಿಂದ ಹೊರಗಾದರು. ಕರೀಮಸಾಬ ಧೈರ್ಯ ಮಾಡಿ ಮಾಸ್ತರರ ಕಾಲಿನ ಹತ್ತಿರವೇ ಎಲೆಯಡಿಕೆ ಉಗುಳಿದ. ಮಾಸ್ತರರು ಅವನ ಬೆನ್ನ ಮೇಲೆ ಕೈಯಿಟ್ಟು, "ಹಲ್ಲ ಜ್ವಾಪಾನ ಮಾಡ್ಕೊ ಸಾಬಾ" ಎಂದರು. ಪರಮೇಶಪ್ಪನವರು ಜೋಳದ ಲಾರಿಯನ್ನು ಮಾಸ್ತರರ ಬಾಗಿಲಿಗೆ ಅಡ್ಡ ನಿಲ್ಲಿಸಿದರು. ಮಾಸ್ತರರು ಸೀಟಿ ಊದಿ, ಕೈ ಮಾಡಿ, ಡ್ರೈವರನಿಗೆ ಇನ್ನೂ ಸ್ವಲ್ಪ ಹಿಂದೆ ತೆಗೆದುಕೊಳ್ಳಲು ನೆರವಾದರು. ಇಷ್ಟು ಒಳ್ಳೆಯ ಮನುಷ್ಯ ಇಷ್ಟು ವರ್ಷ ಎಲ್ಲಿದ್ದರೆಂದು ಊರು ಕಂಗಾಲಾಯಿತು.

"ಇನ್ನ ನೀವ ಉಳದೀರಿ," ಎಂದಳು ನಾಗವ್ವ. "ಏನಾರ ಅನ್ರಿ ಅವರಿಗೆ."

"ನಾನ? ಮಾಸ್ತರಿಗೆ?" ಉಳಿವೆಪ್ಪನ ಕೈಯ ಕರಣೆ ಕೆಳಗೆ ಬಿತ್ತು.

ಮರುದಿನ ಸಂತೆ. ಬೆಳಗ್ಗೆ ಮಾಸ್ತರರು ಎಂದಿನಂತೆ ಬಂದು ಕೂತರು. ಉಳಿವೆಪ್ಪ ಹಲಗೆಯ ಮೇಲೆ ಹಸಿ ಸಿಮೆಂಟು ಹಾಕಿಕೊಂಡು ಕೆಲಸ ಶುರು ಮಾಡಿದ. ಏನೂ ಅನ್ನುವ ಧೈರ್ಯ ಅವನಿಗಿರಲಿಲ್ಲ, ಅನ್ನುವುದಿಲ್ಲವೆಂದೂ ನಿಶ್ಚಯ ಮಾಡಿದ್ದ. ಆದರೆ ಮಾಸ್ತರರು ಈಚೆಗೆ ಕಲೆಯ ಬಗ್ಗೆ ಮಾತಾಡಲು ಕಲಿತಿದ್ದರು.

"ಗಲ್ಲ ಇನ್ನೂ ತುಸು ತುಂಬು ಉಳಿವ್ಯಾ."

ಉಳಿವೆಪ್ಪ ತುಂಬಿದ.

"ಕಿವಿ ಸಣ್ಣವು ಮಾಡು. ಮತ್ತ ತಲಿ ಮ್ಯಾಲ ಕೂದಲ ಹಚ್ಚು."

"ಕೂದಲ ಇಲ್ಲಲ್ರಿ ಮಾಸ್ತರ."

"ಇದ್ದುವು. ಹಚ್ಚು. ಒಂದ ಗಲ್ಲಕ್ಕ ಗುಳಿ ಬೀಳಲಿ. ಕಣ್ಣಾಗ ಸ್ವಲ್ಪ ಕರುಣಾ ತೋರಸು."

ಸಾವ್ಕಾರರ ಕೋಡನ್ನು ಸಹಿಸಿದ್ದ, ಹೆಂಡತಿಯ ಅ‍ಚ್ಚನ್ನು ಸಹಿಸಿದ್ದ, ತಿರುಗಿ ಬಂದ ಗೊಂಬೆಗಳ ರಾಶಿಯನ್ನು ಸಹಿಸಿದ್ದ ಉಳಿವೆಪ್ಪನಿಗೆ ಆ ಗುಳಿಯನ್ನು ಸಹಿಸಲಾಗಲಿಲ್ಲ. ಕರಣೆಯನ್ನು ನೆಲಕ್ಕೆ ಕುಕ್ಕಿದ.

"ಮಾಸ್ತರ, ಬಾಯಿ ಮುಚಗೊಂಡ ಕುಂದರ್ರಿ. ಮಾಡಾಂವ ನಾನು."

ಒಲೆಯ ಮುಂದೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ರಸ್ತೆಯಲ್ಲಿ ಹೋಗುತ್ತಿದ್ದ ಎತ್ತಿನ ಬಂಡಿಯೂ ನಿಂತಿತು ಎನ್ನುತ್ತಾರೆ. ಮಾಸ್ತರರ ನಗು ಮೊದಲು ಮೀಸೆಯ ತುದಿಯಿಂದ ಹೋಯಿತು, ಆಮೇಲೆ ಕೆನ್ನೆಯಿಂದ ಇಳಿಯಿತು. ಬಲಗಡೆಯ ಹುಬ್ಬು ಅಲುಗಿತು.

ಉಳಿವೆಪ್ಪನಿಗೆ ಪ್ರಾಣಭಯವೂ ಪರಮಾನಂದವೂ ಒಟ್ಟಿಗೇ ಆದವು. ಕೈ ಕರಣೆಯನ್ನು ಹುಡುಕಿ ಎತ್ತಿಕೊಂಡಿತು. ಆದರೆ ಸಿಟ್ಟು ಇನ್ನೂ ಅರ್ಧದಲ್ಲಿತ್ತು, ಈಗ ಬಿಟ್ಟರೆ ಆರಿ ಹೋಗುತ್ತದೆ. ಅವನು ಕಣ್ಣು ಮುಚ್ಚಿ, ಊರಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಎಂದೂ ಆಡದ ಮಾತನ್ನು ಆಡಿದ.

"ಮತ್ತೊಂದ ಮಾತ ಹೇಳ್ತೇನಿ ಮಾಸ್ತರ. ನಾವು ನಿಮ್ಮ ಸಾಲ್ಯಾಗಿದ್ದಾಗ ರಟ್ಟೀಹಳ್ಳಿ ಮಂದಿ ಮುಂದ ಕಬಡ್ಡಿ ಸೋತದ್ದು ನಮ್ಮಿಂದ ಅಲ್ಲ. ನಿಮ್ಮಿಂದ."

ಮಾಸ್ತರರು ಎದ್ದರು. ಕುರ್ಚಿ ಹಿಂದಕ್ಕೆ ಬಿತ್ತು.

ಉಳಿವೆಪ್ಪ ಹಲಗೆಯನ್ನು ಎಡಗೈಯ ಮೇಲೆ ಎತ್ತಿಕೊಂಡು, ಕರಣೆಯನ್ನು ಬಲಗೈಯಲ್ಲಿ ಹಿಡಿದು, ರಸ್ತೆಗೆ ಹಾರಿದ. ಬರಿ ಓಡಿದ್ದರೆ ಅದರಲ್ಲಿ ವಿಶೇಷವೇನೂ ಇಲ್ಲ. ಅವನು ಹಿಮ್ಮುಖವಾಗಿ ಓಡಿದ. ಬೆನ್ನು ತಿರುಗಿಸಿದರೆ ಮಾರಿ ಹೇಗೆ ಕಾಣಬೇಕು? ಮಾಸ್ತರರು ಧೋತರವನ್ನು ಎತ್ತಿ ಕಟ್ಟಿ, ಬಾಯಲ್ಲಿ ಸೀಟಿ ಕಚ್ಚಿಕೊಂಡು ಬೆನ್ನಟ್ಟಿದರು. ಉಳಿವೆಪ್ಪ ಒಂದೊಂದು ಹೆಜ್ಜೆಗೂ ಅವರ ಮಾರಿಯನ್ನು ನೋಡುವನು, ಹಲಗೆಯ ಮೇಲೆ ಒಂದು ಗೀರು ಎಳೆಯುವನು. ಮೂಗಿನ ಹೊಳ್ಳೆ ಅರಳಿದವು, ಅವನ್ನು ಉಳ್ಳಾಗಡ್ಡಿಯ ರಾಶಿಯ ಹತ್ತಿರ ಮುಗಿಸಿದ. ಕಣ್ಣನ್ನು ಬಳೆ ಅಂಗಡಿಯ ಮುಂದೆ ಮುಗಿಸಿದ.

ಸಂತೆಗೆ ಸಂತೆಯೇ ಎದ್ದು ದಾರಿ ಬಿಟ್ಟಿತು. ತಕ್ಕಡಿ ಹಿಡಿದವರು ತಕ್ಕಡಿ ಹಿಡಿದೇ ಅಟೆನ್ಷನ್‌ನಲ್ಲಿ ನಿಂತರು. ಹಾವೇರಿಗೆ ಹೊರಟಿದ್ದ ಬಸ್ಸಿನ ಡ್ರೈವರು ಇಂಜಿನ್ ಬಂದ್ ಮಾಡಿ, ಸೀಟಿನಲ್ಲೇ ಬೆನ್ನು ನೆಟ್ಟಗೆ ಮಾಡಿ ಕೂತ. ಚೌಕದಲ್ಲಿದ್ದ ಪಿ.ಎಸ್.ಐ. ಸಾಹೇಬರು ಇಬ್ಬರನ್ನೂ ತಡೆಯಬೇಕೆಂದು ಕೈ ಎತ್ತಿದರು. ಎತ್ತಿದ ಕೈ ಸೆಲ್ಯೂಟ್ ಹೊಡೆದು ಕೆಳಗಿಳಿಯಿತು. "ಮೀಸಿ ಬಿಡಬ್ಯಾಡೋ ಉಳಿವ್ಯಾ, ಮೀಸಿ ಅದರಾಕತ್ತೈತಿ," ಎಂದು ಪರಮೇಶಪ್ಪ ಸಾವ್ಕಾರರು ಜೋಳದ ಚೀಲದ ಮೇಲೆ ಹತ್ತಿ ನಿಂತು ಕೂಗಿದರು.

ಬಸ್ ಸ್ಟ್ಯಾಂಡಿನ ಹತ್ತಿರ ಮಾಸ್ತರರಿಗೆ ಉಸಿರು ಕಟ್ಟಿತು. ಅವರು ನಿಂತು, ಮೊಣಕಾಲಿಗೆ ಕೈಯೂರಿ, ಏದುಸಿರು ಬಿಡತೊಡಗಿದರು. ಸೀಟಿ ಕೆಳಗೆ ಬಿತ್ತು. ಮಾರಿಯಿಂದ ಸಿಟ್ಟು ಇಳಿಯುತ್ತಿತ್ತು. ತುಟಿಯ ಮೂಲೆಯಲ್ಲಿ, ಬಹಳ ವರ್ಷದ ಮೇಲೆ ಓಡಿದ ಖುಷಿಯೋ ಏನೋ, ಸಣ್ಣಗೆ ನಗು ಮೂಡತೊಡಗಿತ್ತು.

ಉಳಿವೆಪ್ಪ ಗಾಬರಿಯಿಂದ ಹಲಗೆಯನ್ನು ನೋಡಿದ, ಮಾಸ್ತರರನ್ನು ನೋಡಿದ. ನಾಲ್ಕು ಹೆಜ್ಜೆ ಅವರ ಹತ್ತಿರ ಬಂದು, ಕರಣೆಯಿಂದ ಸಂತೆಯ ದಾರಿಯನ್ನು ತೋರಿಸಿ, ಗಂಭೀರವಾಗಿ ಹೇಳಿದ:

"ಮಾಸ್ತರ, ಇನ್ನೊಂದ ರೌಂಡ ಓಡ್ರಿ. ಎಡಗಡೆ ಹುಬ್ಬ ಉಳದೈತಿ."

ಮಾಸ್ತರರ ಎಡಗಡೆಯ ಹುಬ್ಬು ನಿಧಾನವಾಗಿ ಮೇಲಕ್ಕೆ ಏರಿತು.